‘ಡಬಲ್ ಎಕ್ಸ್‌ಪೋಷರ್’ಗೆ ‘ಇಮ್ಮಡಿ ಒಡ್ಡಿಕೆ’ ಸರಿಯೇ?

ಪ್ರಶ್ನೆ: ಫಿಲ್ಮ್ ಕಾಲದಲ್ಲಿ ಕೈಯಿಂದ ಚಿತ್ರ ಬರೆದು ಮಾಡುತ್ತಿದ್ದ ಅನಿಮೇಷನ್ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಡಬಲ್ ಎಕ್ಸ್‌ಪೋಷರ್’ಗೆ ‘ಇಮ್ಮಡಿ ಒಡ್ಡಿಕೆ’, ‘ಬ್ಯಾಕ್‌ಲೈಟ್’ಗೆ ‘ಹಿಂಬೆಳಕು’ ಎಂದು ಬರೆಯಬಹುದೇ? ಮೊದಲನೆಯ ಮಾತು ನೆರಳು, ಕಿಡಿ ಎರಡರ ವಿವರಣೆಯಲ್ಲೂ ಬಂದಿದೆ.

ಉತ್ತರ: ‘ಒಡ್ಡಿಕೆ’ ಇರಲಿ, ‘ಇಮ್ಮಡಿ’ ಬೇಡ. ಇಮ್ಮಡಿ ಎಂದರೆ ಎರಡು ಪಟ್ಟು. ಇಲ್ಲಿ ಒಂದೇ ಫ್ರೇಮಿನ ಮೇಲೆ ಬೆಳಕು ಎರಡು ಸಲ ಬೀಳುತ್ತದೆ, ಅಷ್ಟೇ. ನೆರಳಿನ ವಿಷಯದಲ್ಲಂತೂ ‘ಇಮ್ಮಡಿ’ ಓದುಗರನ್ನು ಪೂರ್ತಿ ದಾರಿ ತಪ್ಪಿಸುತ್ತದೆ.

ಪಾತ್ರದ ನೆರಳನ್ನು ಬೇರೆ ಸೆಲ್ಲಿನಲ್ಲಿ (ಚಿತ್ರ ಬರೆಯುವ ಪಾರದರ್ಶಕ ಹಾಳೆಯಲ್ಲಿ) ಗಟ್ಟಿ ಕಪ್ಪಿನಿಂದ ತುಂಬಿರುತ್ತಾರೆ. ಅದನ್ನು ಹಾಗೆಯೇ ಚಿತ್ರೀಕರಿಸಿದರೆ ನೆಲದಲ್ಲಿ ಗುಂಡಿ ಬಿದ್ದಂತೆ ಕಾಣುತ್ತದೆ. ಆದ್ದರಿಂದ ಮೊದಲ ಸಲ ನೆರಳಿನ ಸೆಲ್ ಇಟ್ಟು, ಇಡೀ ಶಾಟನ್ನು ಶೇ. 60ರಷ್ಟು ಬೆಳಕಿನಲ್ಲಿ ತೆಗೆಯುತ್ತಾರೆ. ಫಿಲ್ಮಿನ ಮುಂದೆ ತಿರುಗುವ ಶಟರ್ ತಟ್ಟೆಯ ತೆರವು ಪೂರ್ತಿ ತೆರೆದಾಗ 170 ಡಿಗ್ರಿ ಇರುವ ಕ್ಯಾಮೆರಾದಲ್ಲಿ ಇದು 102 ಡಿಗ್ರಿ. ಆಮೇಲೆ ಶಟರ್ ಮುಚ್ಚಿ, ಫಿಲ್ಮನ್ನು ಶಾಟಿನ ಮೊದಲ ಫ್ರೇಮಿಗೆ ಹಿಂದಕ್ಕೆ ಸುತ್ತಿ, ನೆರಳಿನ ಸೆಲ್ ತೆಗೆದು, ಉಳಿದ ಶೇ. 40 ಕೊಡುತ್ತಾರೆ. ಪಾತ್ರಕ್ಕೂ ಹಿನ್ನೆಲೆಗೂ ಒಟ್ಟು ನೂರು ಸಿಕ್ಕಿತು. ನೆರಳು ಬಿದ್ದ ನೆಲಕ್ಕೆ ನಲವತ್ತು ಮಾತ್ರ. ನೆರಳು ಇನ್ನೂ ತೆಳುವಾಗಬೇಕೇ? ಮೊದಲ ಸಲದ ಪಾಲು ಕಡಿಮೆ ಮಾಡಿ. ನೆರಳಿಲ್ಲದ ಫ್ರೇಮುಗಳಲ್ಲಿ ಅದರ ಜಾಗಕ್ಕೆ ಖಾಲಿ ಸೆಲ್ ಇಡಲೇಬೇಕು. ಸೆಲ್ಲಿಗೇ ತುಸು ಬಣ್ಣವಿರುವುದರಿಂದ, ಶಾಟಿನ ನಡುವೆ ಒಂದು ಪದರ ಹೆಚ್ಚುಕಡಿಮೆಯಾದರೂ ಹಿನ್ನೆಲೆಯ ಬಣ್ಣ ತಟ್ಟನೆ ಬದಲಾಗುತ್ತದೆ.

ಕಿಡಿಯ ಲೆಕ್ಕ ಬೇರೆ. ಮೊದಲ ಸಲ ಚಿತ್ರಕ್ಕೆ ಪೂರ್ತಿ ಬೆಳಕು. ಎರಡನೇ ಸಲ ಮೇಲಿನ ದೀಪಗಳನ್ನೆಲ್ಲ ಆರಿಸಿ, ಕಿಡಿಯ ಆಕಾರದಷ್ಟೇ ತೆರವಿರುವ ಕಪ್ಪು ಮುಸುಕನ್ನು ಹಾಳೆ ಕದಲದಂತೆ ಹಿಡಿಯುವ ಪೆಗ್ಗುಗಳಿಗೆ ಸಿಕ್ಕಿಸಿ, ಬಣ್ಣದ ಜೆಲ್ (ಬೆಳಕಿಗೆ ಬಣ್ಣ ಕೊಡುವ ತೆಳು ಹಾಳೆ) ಹಾಸಿ, ಮೇಜಿನ ಕೆಳಗಿನ ದೀಪ ಹಚ್ಚುತ್ತಾರೆ. ಲೆನ್ಸಿನ ಮುಂದೆ ಡಿಫ್ಯೂಷನ್ ಫಿಲ್ಟರ್ ಇಟ್ಟರೆ ಕಿಡಿಯ ಸುತ್ತ ಕಾಂತಿ ಹರಡುತ್ತದೆ. ಮೇಲಿನ ಒಂದು ದೀಪ ಉರಿಯುತ್ತಿದ್ದರೂ ಮುಸುಕು ಬೂದಿಬಣ್ಣಕ್ಕೆ ತಿರುಗಿ, ಮೊದಲು ತೆಗೆದ ಚಿತ್ರದ ಕಪ್ಪುಗಳೆಲ್ಲ ಮಂಕಾಗುತ್ತವೆ. ಮುಸುಕಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಅಲ್ಲೊಂದು ನಕ್ಷತ್ರ ಮೂಡುತ್ತದೆ. ಹಿಂದಕ್ಕೆ ಸುತ್ತುವಾಗ ಎಣಿಕೆ ಒಂದು ಫ್ರೇಮ್ ತಪ್ಪಿದರೂ ಕಿಡಿ ತನ್ನ ಜಾಗ ಬಿಟ್ಟು ಪಕ್ಕದಲ್ಲಿ ಹಾರುತ್ತದೆ. ಇದೆಲ್ಲ ಗೊತ್ತಾಗುವುದು ಲ್ಯಾಬಿನಿಂದ ಫಿಲ್ಮ್ ಬಂದ ಮೇಲೆ, ಆಗ ಎರಡೂ ಸಲದ ಕೆಲಸವನ್ನು ಹೊಸದಾಗಿ ಮಾಡಬೇಕು.

ಹಾಗಾಗಿ ನನ್ನ ಆಯ್ಕೆ ‘ಎರಡು ಸಲದ ಒಡ್ಡಿಕೆ’. ‘ಮರುಒಡ್ಡಿಕೆ’ ಎಂದರೆ ಮೊದಲಿನದು ಕೆಟ್ಟು ಮತ್ತೆ ಮಾಡಿದಂತೆ ಕೇಳಿಸುತ್ತದೆ. ‘ಎರಡು ಸುತ್ತು’ ಎನ್ನೋಣವೆಂದರೆ, ಫಿಲ್ಮ್ ಸುತ್ತುವ ಮಾತೂ ಅಲ್ಲೇ ಇರುವುದರಿಂದ ಗೊಂದಲ.

‘ಹಿಂಬೆಳಕು’ ಎಂದೊಡನೆ ಸಿನಿಮಾದವರಿಗೆ ನಟನ ಬೆನ್ನ ಹಿಂದಿನ ದೀಪ ನೆನಪಾಗುತ್ತದೆ. ಇಲ್ಲಿ ಕ್ಯಾಮೆರಾ ಮೇಲಿನಿಂದ ಕೆಳಮುಖವಾಗಿ ನೋಡುತ್ತದೆ, ದೀಪ ಮೇಜಿನ ಅಡಿಯಲ್ಲಿದೆ. ‘ಅಡಿಬೆಳಕು’ ಎನ್ನಿ. ನೆರಳಿನ ಭಾಗದಲ್ಲಿ ಆ ಪದ ಬೇಕಾಗುವುದಿಲ್ಲ. ಅಲ್ಲಿ ಎರಡೂ ಸಲ ಮೇಲಿನ ದೀಪಗಳೇ.