ಸಾಲಕ್ಕೆ ಜೈಲಿಲ್ಲ ಅಂತ ವಿಶ್ವಸಂಸ್ಥೆ ಒಪ್ಪಂದ ಇದೆಯಂತೆ, ನಮ್ಮ ಕೋರ್ಟಲ್ಲಿ ನಡೆಯುತ್ತಾ?

ತೆಂಗಿನತೋಟ:
ನಮ್ಮ ಸೋದರಮಾವ ಒಬ್ಬರ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತಿದ್ರು. ಸಾಲ ತಗೊಂಡೋನು ಊರು ಬಿಟ್ಟ. ಮಾವನೇ ಹಣ ಕಟ್ಟಬೇಕು ಅಂತ ಕೋರ್ಟ್ ಡಿಕ್ರಿ (ತೀರ್ಪು) ಆಗಿ, ಈಗ ಅದನ್ನ ಜಾರಿ ಮಾಡಿಸೋಕೆ ಸಾಲ ಕೊಟ್ಟವರು ಇ.ಪಿ. (ಅಮಲ್ಜಾರಿ ಅರ್ಜಿ) ಹಾಕಿದ್ದಾರೆ. ಸಿವಿಲ್ ಜೈಲಿಗೆ ಯಾಕೆ ಕಳಿಸಬಾರದು, ಬಂದು ಕಾರಣ ಹೇಳಿ ಅಂತ ನೋಟಿಸು. ಮಾವನಿಗೆ 63, ತೋಟಕ್ಕೆ ನುಸಿ ಬಿದ್ದು ಎರಡು ವರ್ಷದಿಂದ ಕಾಯಿಲ್ಲ. ವಾಟ್ಸಾಪಲ್ಲಿ ಯಾರೋ ಈ ಒಪ್ಪಂದದ ಮೆಸೇಜ್ ಕಳಿಸಿದ್ದಾರೆ. ಪ್ರಿಂಟ್ ತೆಗೆದು ಜಡ್ಜ್ ಮುಂದೆ ಇಟ್ರೆ ಆಗುತ್ತಾ?

ಮಲ್ನಾಡ್_ಹುಡುಗ:
ಆಗಲ್ಲ ಗುರು. ಇಲ್ಲಿ ನಡೆಯೋದು ಇಲ್ಲಿನ ಕಾನೂನು.

ಹಳೇ_ಬೆಂಚ್‌ಕ್ಲರ್ಕ್:
ಅಷ್ಟು ಬೇಗ ಕೈ ಬಿಡಬೇಡಿ. 28 ವರ್ಷ ಇ.ಪಿ. ಕಡತ ಹೊತ್ತವನು ನಾನು. ಆ ಮೆಸೇಜು ಅರ್ಧ ಸತ್ಯ.

ಅದರಲ್ಲಿರೋ ವಿಶ್ವಸಂಸ್ಥೆ ಒಪ್ಪಂದ ಅಂದ್ರೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ. ಅದರ 11ನೇ ವಿಧಿ, ಕರಾರಿನ ಹಣ ಕೊಡೋಕೆ ಆಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಸೆರೆಗೆ ಹಾಕಬಾರದು ಅನ್ನುತ್ತೆ. ಭಾರತ ಅದಕ್ಕೆ ಸೇರಿದ್ದು 1979ರಲ್ಲಿ. ಆದರೆ ದೆಹಲಿ ಒಪ್ಪಿದ ಮಾತ್ರಕ್ಕೆ ಅದು ಇಲ್ಲಿ ಕಾನೂನಾಗಲ್ಲ, ಸಂಸತ್ತು ಕಾಯ್ದೆ ಮಾಡಬೇಕು. ಸಂವಿಧಾನದ 253ನೇ ವಿಧಿ ಇರೋದೇ ಅದಕ್ಕೆ.

ಇನ್ನು ಸಿಪಿಸಿ, ಅಂದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಕಲಮು. ಡಿಕ್ರಿ ಆದಮೇಲೆ ಯಾವತ್ತಾದ್ರೂ ಕೈಯಲ್ಲಿ ದುಡ್ಡಿದ್ದು ಕಟ್ಟದೇ ಇದ್ರೆ ಜೈಲಿಗೆ ಕಳಿಸಬಹುದು ಅನ್ನೋ ಹಾಗೆ ಅದರ ಒಕ್ಕಣೆ. ಆ ದುಡ್ಡು ಮಗಳ ಆಪರೇಷನ್ನಿಗೆ ಹೋಗಿದ್ರೆ? ಇದನ್ನ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚಿನ್ ಕೇಸಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬಿಡಿಸಿ ಹೇಳಿದ್ರು. ಅಲ್ಲಿ ಸಾಲಗಾರರ ಆಸ್ತಿ ಆಗಲೇ ಜಪ್ತಿ ಆಗಿತ್ತು, ಆದ್ರೂ ಅರೆಸ್ಟ್ ವಾರಂಟ್. ಒಡಂಬಡಿಕೆ ನೇರವಾಗಿ ಜಾರಿ ಆಗಲ್ಲ ಅಂತ ಅವರೂ ಒಪ್ಪಿದ್ರು. ಆದ್ರೆ 51ನ್ನ 11ನೇ ವಿಧಿಗೂ ಸಂವಿಧಾನದ 21ನೇ ವಿಧಿಗೂ (ಜೀವ, ಸ್ವಾತಂತ್ರ್ಯದ ಹಕ್ಕು) ಹೊಂದಿಸಿ ಓದಿದ್ರು. ಕಟ್ಟಲಿಲ್ಲ ಅನ್ನೋದು ಸಾಲದು, ಕಟ್ಟಬಾರದು ಅನ್ನೋ ಕೆಟ್ಟ ಬುದ್ಧಿ ಇತ್ತು ಅಂತ ಕಾಣಬೇಕು. ಕಲಮಿನ ಒಂದಕ್ಷರ ಬದಲಾಗಲಿಲ್ಲ, ಓದೋ ರೀತಿ ಬದಲಾಯ್ತು. ನಿಮ್ಮ ವಕೀಲರು ಜಡ್ಜ್ ಮುಂದೆ ಇಡಬೇಕಾದ್ದು ವಾಟ್ಸಾಪ್ ಪ್ರಿಂಟಲ್ಲ, ಈ ತೀರ್ಪು.

ಮಲ್ನಾಡ್_ಹುಡುಗ:
ಸಾರ್, ನಮ್ಮ ಕಾಯ್ದೆ ಒಪ್ಪಂದಕ್ಕೆ ನೇರವಾಗಿ ಉಲ್ಟಾ ಇದ್ರೆ?

ಹಳೇ_ಬೆಂಚ್‌ಕ್ಲರ್ಕ್:
ಕಾಯ್ದೆನೇ ಗೆಲ್ಲೋದು. ಎರಡು ಅರ್ಥ ಬರೋ ಕಡೆ ಒಪ್ಪಂದ ದಾರಿ ತೋರಿಸುತ್ತೆ. ಕಾಯ್ದೆನೇ ಇಲ್ಲದ ಕಡೆ ಇನ್ನೂ ಜೋರು. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ನೋಡಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗೋ ಲೈಂಗಿಕ ಕಿರುಕುಳಕ್ಕೆ ಅಂತ ಆಗ ಕಾಯ್ದೆ ಇರಲಿಲ್ಲ. ಭಾರತ 1993ರಲ್ಲಿ ಅನುಮೋದಿಸಿದ್ದ ಮಹಿಳಾ ತಾರತಮ್ಯ ನಿವಾರಣಾ ಒಪ್ಪಂದವನ್ನೂ ಆಧಾರ ಮಾಡಿಕೊಂಡು ಕೋರ್ಟೇ ನಿಯಮ ಹಾಕಿತು. ಸಂಸತ್ತು ಕಾಯ್ದೆ ಮಾಡಿದ್ದು 2013ಕ್ಕೆ. ಹದಿನಾರು ವರ್ಷ ಬೇಕಾಯ್ತು, ಬಿಡಿ.

ಚೆಕ್‌ಬುಕ್_ರಾಣಿ:
ಮಾವ ಸೆಕ್ಯುರಿಟಿಗೆ ಅಂತ ಚೆಕ್ ಕೊಟ್ಟಿದ್ರಾ? ಬೌನ್ಸ್ ಆಗಿದ್ರೆ ಅದು ಕ್ರಿಮಿನಲ್ ಕೇಸು, ಬೇರೆ ಲೆಕ್ಕ.

ತೆಂಗಿನತೋಟ:
ಚೆಕ್ ಇಲ್ಲ ಮೇಡಂ, ಬರೀ ಜಾಮೀನು ಪತ್ರ. ಸಾರ್, ಏನೇನು ತಗೊಂಡು ಹೋಗ್ಲಿ?

ಹಳೇ_ಬೆಂಚ್‌ಕ್ಲರ್ಕ್:
ಪಹಣಿ, ಡಿಕ್ರಿ ಆದಾಗಿಂದ ಪಾಸ್‌ಬುಕ್, ಆಸ್ಪತ್ರೆ ಬಿಲ್ಲಿದ್ರೆ ಅದೂ. ಬಂದ ದುಡ್ಡು ಎಲ್ಲಿ ಹೋಯ್ತು ಅಂತ ಅಫಿಡವಿಟ್ಟಲ್ಲಿ ಒಂದೊಂದೇ ಬರೆಸಿ. ಡಿಕ್ರಿ ಆದಮೇಲೆ ಜಮೀನು ಯಾರ ಹೆಸರಿಗೂ ಮಾಡಿಲ್ಲ ತಾನೇ? ಮಾಡಿದ್ರೆ ವಕೀಲರಿಗೆ ಮೊದಲೇ ಹೇಳಿಬಿಡಿ. ಮತ್ತೆ ನೋಟಿಸಿನ ತಾರೀಖು ತಪ್ಪಿಸಬೇಡಿ. ಹಾಜರಾಗದಿದ್ರೆ ಆ ಕಡೆಯವರು ಕೇಳಿದ ಕೂಡಲೇ ವಾರಂಟ್ ಹೊರಡುತ್ತೆ.