ಎರಡು ಮೊಲ ತರುವ ಮೊದಲು ನಾವು ಏನೇನು ಕಲಿತಿರಬೇಕು?

ಮಳೆಹನಿ:

ಎಲ್ಲರಿಗೂ ನಮಸ್ಕಾರ. ಮನೆಗೆ ಎರಡು ಮೊಲ ತರಬೇಕು ಅಂತ ಇದೆ. ಮಗಳಿಗೆ ಒಂಬತ್ತು ವರ್ಷ, ಹೋದ ವರ್ಷದಿಂದ ಒಂದೇ ಸಮನೆ ಕೇಳುತ್ತಿದ್ದಾಳೆ. ನಾನು ಬೇಡ ಅಂದಿಲ್ಲ. ಮೊದಲು ಕಲಿಯೋಣ, ಆಮೇಲೆ ತರೋಣ ಅಂದಿದ್ದೇನೆ.

ಹಾಗೆ ಹೇಳಿದ್ದಕ್ಕೆ ಕಾರಣ ಇದೆ. ನಾನು ಚಿಕ್ಕವಳಿದ್ದಾಗ ಯಾರೋ ಕೊಟ್ಟರು ಅಂತ ಒಂದು ಬಿಳಿ ಮೊಲ ಮನೆಗೆ ಬಂದಿತ್ತು. ಸಣ್ಣ ಪಂಜರ, ಅದರಲ್ಲಿ ಅದೊಂದೇ. ಕ್ಯಾರೆಟ್, ಬಿಸ್ಕತ್ತು, ಬ್ರೆಡ್ಡು, ಕೈಗೆ ಸಿಕ್ಕಿದ್ದೆಲ್ಲ ಹಾಕುತ್ತಿದ್ದೆವು. ಆರು ತಿಂಗಳೂ ತುಂಬಿರಲಿಲ್ಲ, ಒಂದು ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಸತ್ತು ಬಿದ್ದಿತ್ತು. ಯಾಕೆ ಸತ್ತಿತು ಅಂತ ಯಾರೂ ಕೇಳಲಿಲ್ಲ. ಮೊಲ ಅಂದರೆ ಅಷ್ಟೇ, ಬೇಗ ಸಾಯುತ್ತವೆ ಅಂದರು, ನಾನೂ ನಂಬಿದೆ. ಈಗ ಓದಿದರೆ, ಚೆನ್ನಾಗಿ ನೋಡಿಕೊಂಡರೆ 8ರಿಂದ 12 ವರ್ಷ ಬದುಕುತ್ತವೆ ಅಂತ ಗೊತ್ತಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎರಡು ತಿಂಗಳಿಂದ ಓದುತ್ತಿದ್ದೇನೆ, ವಿಡಿಯೋ ನೋಡುತ್ತಿದ್ದೇನೆ. ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳಮೇಳ ಇಲ್ಲ. ನೋಟ್‌ಬುಕ್ ತುಂಬಿದೆ, ಧೈರ್ಯ ಮಾತ್ರ ಬಂದಿಲ್ಲ. ಸಾಕಿದವರು ಹೇಳಿ, ಓದುವುದು ಬಿಟ್ಟು ಕೈಯಾರೆ ಕಲಿಯುವಂಥದ್ದು ಏನಿದೆ? ಮಗಳ ಮೇಲೆ ಎಷ್ಟು ಜವಾಬ್ದಾರಿ ಹಾಕಬಹುದು? ನಾವು ತಯಾರಾಗಿದ್ದೇವೆ ಅಂತ ನಮಗೇ ಗೊತ್ತಾಗುವುದು ಹೇಗೆ?

ಗರಿಕೆ:

ಮಳೆಹನಿಯವರೇ, ನಾನು ಹದಿನಾಲ್ಕು ವರ್ಷದಿಂದ ಮೊಲ ಸಾಕುತ್ತಿದ್ದೇನೆ, ಈಗಿರುವುದು ಎರಡನೇ ಜೋಡಿ. ನನ್ನನ್ನು ಕೇಳಿದರೆ, ಮೊದಲು ಕಲಿಯಬೇಕಾದ್ದು ಕಾಯಿಲೆಗಳ ಹೆಸರು ಅಲ್ಲ. ಆರೋಗ್ಯವಾಗಿರುವ ಮೊಲ ಹೇಗಿರುತ್ತದೆ ಅನ್ನುವುದು. ಅದು ನಿಮ್ಮ ಕಣ್ಣಿಗೆ ರೂಢಿ ಆಗಬೇಕು.

ಯಾಕೆ ಅಂದರೆ ಮೊಲ ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಪ್ರಾಣಿ. ನೋವಿದ್ದರೆ ಆದಷ್ಟೂ ಮುಚ್ಚಿಡುತ್ತದೆ. ಕೂಗುವುದಿಲ್ಲ, ನಿಮ್ಮ ಹತ್ತಿರ ಬರುವುದೂ ಇಲ್ಲ, ಸುಮ್ನೆ ಕೂತಿರುತ್ತದೆ. ಆದರೆ ಸುಮ್ನೆ ಕೂರುವುದರಲ್ಲೇ ಎರಡು ಥರ ಇದೆ. ಹಾಯಾಗಿರುವ ಮೊಲ ಹಿಂಗಾಲು ಉದ್ದಕ್ಕೆ ಚಾಚಿ ಒಂದು ಪಕ್ಕಕ್ಕೆ ಒರಗಿರುತ್ತದೆ, ನೀವು ನಡೆದರೆ ಕಿವಿ ಮಾತ್ರ ನಿಮ್ಮ ಕಡೆ ತಿರುಗುತ್ತದೆ. ಹೊಟ್ಟೆನೋವಿರುವ ಮೊಲ ಬೆನ್ನು ಗೂನು ಮಾಡಿಕೊಂಡು ಮುದುಡಿ ಕೂತಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ, ಹಲ್ಲು ಜೋರಾಗಿ ಕಡಿಯುತ್ತಿರುತ್ತದೆ. ತಲೆ ಸವರಿದಾಗಲೂ ಹಲ್ಲಿನ ಸದ್ದು ಬರುತ್ತದೆ, ಅದು ತುಂಬ ಮೆಲ್ಲಗೆ, ಅದು ಖುಷಿಗೆ. ಈ ಎರಡು ಸದ್ದನ್ನು ನಾನು ಎಷ್ಟು ಬರೆದರೂ ನಿಮಗೆ ಗೊತ್ತಾಗುವುದಿಲ್ಲ, ಒಂದು ಸಲ ಕಿವಿಯಾರೆ ಕೇಳಿದರೆ ಮರೆಯುವುದೂ ಇಲ್ಲ.

ಹಾಗಾಗಿ ಮೊಲ ಇರುವವರ ಮನೆಗೆ ಹೋಗಿ. ಮಧ್ಯಾಹ್ನ ಹೋಗಬೇಡಿ, ಮಲಗಿರುತ್ತವೆ. ಬೆಳಗಿನ ಜಾವ ಇಲ್ಲವೇ ಮುಸ್ಸಂಜೆ ಚುರುಕಾಗಿರುತ್ತವೆ. ನೆಲದ ಮೇಲೆ ಕೂತುಕೊಳ್ಳಿ, ಎತ್ತಬೇಡಿ, ಒಂದು ಗಂಟೆ ನೋಡಿ. ಎಷ್ಟು ಸಲ ಹುಲ್ಲಿನ ಹತ್ತಿರ ಹೋಗುತ್ತದೆ ಅಂತ ಲೆಕ್ಕ ಇಡಿ. ಅದರ ಊಟದ ಶೇಕಡಾ 80ಕ್ಕಿಂತ ಜಾಸ್ತಿ ಒಣಹುಲ್ಲು ಅಥವಾ ಹಸಿಹುಲ್ಲೇ ಆಗಿರಬೇಕು. ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಮುಂದಿನ ಹಲ್ಲಂತೂ ವಾರಕ್ಕೆ ಸುಮಾರು 2 ಮಿ.ಮೀ., ಅದನ್ನು ಸವೆಸುವುದು ಹುಲ್ಲು ಅಗಿಯುವ ಕೆಲಸವೇ. ನಿಮ್ಮ ಬಾಲ್ಯದ ಮೊಲಕ್ಕೆ ಏನಾಗಿರಬಹುದು ಅಂತ ನಾನು ಹೇಳಲಾರೆ, ಆದರೆ ಬ್ರೆಡ್ಡು ಬಿಸ್ಕತ್ತು ತಿಂದು ಬದುಕುವ ಕರುಳು ಅದಕ್ಕಿಲ್ಲ.

ಇನ್ನೊಂದು, ಅಸಹ್ಯ ಪಡಬೇಡಿ, ಹಿಕ್ಕೆ ನೋಡಲು ಕಲಿಯಿರಿ. ನಾನು ದಿನಾ ಬೆಳಿಗ್ಗೆ ಮೊದಲು ನೋಡುವುದೇ ಅದನ್ನು. ಒಳ್ಳೆ ಹಿಕ್ಕೆ ದುಂಡಗೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ. ಬೆರಳಲ್ಲಿ ಮುರಿದರೆ ಒಳಗೆ ಮರದ ಹೊಟ್ಟಿನ ಹಾಗೆ ಹುಲ್ಲಿನ ಎಳೆ ಕಾಣುತ್ತದೆ, ವಾಸನೆ ಇರುವುದಿಲ್ಲ. ದಿನದಿಂದ ದಿನಕ್ಕೆ ಸಣ್ಣದಾಗುತ್ತಿದ್ದರೆ, ವಕ್ರವಾಗುತ್ತಿದ್ದರೆ, ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ. ಇದಲ್ಲದೆ ಇನ್ನೊಂದು ಥರದ ಹಿಕ್ಕೆ ಇದೆ, ಮೆತ್ತಗೆ, ಹೊಳೆಯುವ, ಸಣ್ಣ ದ್ರಾಕ್ಷಿ ಗೊಂಚಲಿನ ಹಾಗೆ. ಅದನ್ನು ಮೊಲ ನೇರವಾಗಿ ಬಾಯಿ ಹಾಕಿ ತಿಂದುಬಿಡುತ್ತದೆ. ಹೊಸಬರು ಭೇದಿ ಅಂದುಕೊಂಡು ಗಾಬರಿ ಆಗುತ್ತಾರೆ. ಅದು ಅದರ ಊಟದ ಭಾಗ, ಬಿಡಿ.

ಎತ್ತುವುದನ್ನು ಮಾತ್ರ ಗೊತ್ತಿರುವವರ ಕೈಯಿಂದ ಕಲಿಯಿರಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ. ಹಿಂಗಾಲು ಗಾಳಿಯಲ್ಲಿ ನೇತಾಡಿದರೆ ಅದು ಜೋರಾಗಿ ಒದೆಯುತ್ತದೆ, ಆ ಒದೆತಕ್ಕೆ ಅದರದ್ದೇ ಬೆನ್ನುಮೂಳೆ ಮುರಿಯಬಹುದು. ಕಿವಿ ಹಿಡಿದು ಎತ್ತುವುದು ಯಾವತ್ತೂ ಬೇಡ. ಮಗಳು ನೆಲದ ಮೇಲೆ ಕೂತೇ ಆಟ ಆಡಲಿ, ಎತ್ತುವ ಕೆಲಸ ನಿಮ್ಮದು.

ಸಂಜೆದೀಪ:

ಗರಿಕೆಯವರು ಹೇಳಿದ್ದನ್ನು ನಾನು ಕಲಿತದ್ದು ತಡವಾಗಿ. ಹೇಳಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಒಂದು ಬೂದು ಬಣ್ಣದ ಹೆಣ್ಣು ಮೊಲ ಇತ್ತು. ಒಂದು ರಾತ್ರಿ ಎಲೆ ಕೊಟ್ಟರೆ ಮೂಸಿ ನೋಡಿ ಮುಖ ತಿರುಗಿಸಿತು. ಹಸಿವಿಲ್ಲ ಅಂದುಕೊಂಡೆ. ನಾಯಿ ಒಂದು ಹೊತ್ತು ಊಟ ಬಿಟ್ಟರೆ ಏನಾಗುತ್ತದೆ, ಇದೂ ಹಾಗೇ ಅಂತ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಹಾಕಿದ ಎಲೆ ಅಲ್ಲೇ ಬಾಡಿ ಬಿದ್ದಿತ್ತು, ಅದು ಹಿಕ್ಕೆ ಹಾಕುವ ತಟ್ಟೆಯಲ್ಲಿ ಒಂದೇ ಒಂದು ಹಿಕ್ಕೆ ಇರಲಿಲ್ಲ. ಕಿವಿ ಮುಟ್ಟಿದರೆ ತಣ್ಣಗಿತ್ತು. ಹತ್ತಿರದ ಆಸ್ಪತ್ರೆಗೆ ಓಡಿದೆ, ನಾವು ಮೊಲ ನೋಡುವುದಿಲ್ಲ ಅಂದರು. ಎರಡನೇ ಕಡೆಯೂ ಅದೇ ಮಾತು. ಮೂರನೇ ಕಡೆ ಹೋಗುವಷ್ಟರಲ್ಲಿ ನನ್ನ ಮಡಿಲಲ್ಲೇ ಹೋಯಿತು.

ಮೊಲ 12 ಗಂಟೆ ಏನೂ ತಿನ್ನದಿದ್ದರೆ ಅದು ತುರ್ತು. ಕರುಳಿನ ಚಲನೆ ನಿಂತುಹೋಗುತ್ತದೆ. ಇದು ನನಗೆ ಮೊದಲೇ ಗೊತ್ತಿದ್ದರೆ ರಾತ್ರಿಯೇ ಹೊರಡುತ್ತಿದ್ದೆ. ನೀವು ಮೊಲ ನೋಡುವ ಡಾಕ್ಟರನ್ನು ಮೊದಲು ಹುಡುಕಿ, ಅವರ ಬಾಗಿಲವರೆಗೆ ಒಂದು ಸಲ ಹೋಗಿ ಬನ್ನಿ, ರಾತ್ರಿ ಹೊತ್ತು ಯಾರು ಸಿಗುತ್ತಾರೆ ಅಂತ ಬರೆದು ಗೋಡೆಗೆ ಅಂಟಿಸಿ. ಅದಾದ ಮೇಲೆ ಮೊಲ.

ಬೇವಿನನೆರಳು:

ನಾನು ಪಶು ಆಸ್ಪತ್ರೆಯಲ್ಲಿ ಸಹಾಯಕಿ. ಸಂಜೆದೀಪ ಅವರೇ, ನಿಮ್ಮಂಥವರನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ, ಅದು ಪ್ರೀತಿ ಕಡಿಮೆಯಾಗಿ ಆದದ್ದಲ್ಲ.

ಮಳೆಹನಿಯವರಿಗೆ ಒಂದು ಉಪಾಯ. ಡಾಕ್ಟರಿಗೆ ಮೊಲದ ಬಗ್ಗೆ ಗೊತ್ತಿದೆಯಾ ಅಂತ ನೇರವಾಗಿ ಕೇಳಿದರೆ ಹೂಂ ಅಂದುಬಿಡಬಹುದು. ಅದರ ಬದಲು ಹೀಗೆ ಕೇಳಿ: "ಆಪರೇಷನ್ ಹಿಂದಿನ ರಾತ್ರಿ ಮೊಲಕ್ಕೆ ಊಟ ನಿಲ್ಲಿಸಬೇಕಾ?" ನಾಯಿ ಬೆಕ್ಕಿಗೆ ನಿಲ್ಲಿಸುತ್ತಾರೆ, ಅರಿವಳಿಕೆಯಲ್ಲಿ ವಾಂತಿ ಆಗಬಾರದು ಅಂತ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಮೇಲೆ ಹೇಳಿದ ಕರುಳಿನ ತೊಂದರೆಯೇ ಶುರುವಾಗುತ್ತದೆ. ನಿಲ್ಲಿಸಬೇಡಿ, ಅದರ ಊಟವನ್ನೇ ಜೊತೆಗೆ ತನ್ನಿ ಅಂದವರ ಹತ್ತಿರ ಧೈರ್ಯವಾಗಿ ಹೋಗಬಹುದು.

ಮನೆಯಲ್ಲಿರುವ ನಾಯಿ ಬೆಕ್ಕಿನ ಔಷಧಿ ಮೊಲಕ್ಕೆ ಹಾಕುವ ಯೋಚನೆ ಬೇಡವೇ ಬೇಡ. ಉಣ್ಣಿ, ಚಿಗಟಕ್ಕೆ ಹಚ್ಚುವ ಫಿಪ್ರೊನಿಲ್ ಮೊಲಕ್ಕೆ ವಿಷ. ಬಾಯಿಂದ ಕೊಡುವ ಅಮಾಕ್ಸಿಸಿಲಿನ್ ಅನ್ನುವ ಆ್ಯಂಟಿಬಯಾಟಿಕ್ ಅದರ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳನ್ನೇ ಕೊಂದು ಜೀವಕ್ಕೆ ಕುತ್ತು ತರುತ್ತದೆ.

ಮತ್ತೆ ಎರಡೂ ಹೆಣ್ಣು ಅಂತ ಹೇಳಿ ಕೊಟ್ಟರೂ ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಮರಿಗಳಲ್ಲಿ ಗಂಡು ಹೆಣ್ಣು ತಪ್ಪಾಗುವುದು ಮಾಮೂಲಿ. ನಾಲ್ಕು ತಿಂಗಳಿಗೆಲ್ಲ ಪ್ರಾಯಕ್ಕೆ ಬರುತ್ತವೆ, ಗರ್ಭ ಬರೀ 31 ದಿನ, ಮರಿ ಹಾಕಿದ ಅದೇ ದಿನ ಮತ್ತೆ ಗಬ್ಬ ಕಟ್ಟಬಹುದು. ಸಂತಾನಹರಣದ ಆಪರೇಷನ್ ಎರಡಕ್ಕೂ ಮಾಡಿಸಿ. ಮಾಡಿಸದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತುಂಬ ಬರುತ್ತದೆ. ಗಂಡಿಗೆ ಆಪರೇಷನ್ ಆದ ಮೇಲೂ ಆರು ವಾರ ಹೆಣ್ಣಿನಿಂದ ದೂರ ಇಡಿ, ಅಲ್ಲಿಯವರೆಗೂ ಮರಿ ಆಗುವ ಸಾಧ್ಯತೆ ಇರುತ್ತದೆ.

ಕೊಳದಂಚು:

ನಾನು ಮೀನು ಸಾಕುವವನು, ಮೊಲದ ಬಗ್ಗೆ ತಿಳಿಯದು. ಆದರೆ ತಯಾರಾಗಿದ್ದೇವೆ ಅಂತ ಗೊತ್ತಾಗುವುದು ಹೇಗೆ ಅನ್ನುವ ಮಾತಿಗೆ ಒಂದು ಹೇಳುತ್ತೇನೆ. ನಮ್ಮಲ್ಲಿ ತೊಟ್ಟಿಗೆ ನೀರು ತುಂಬಿ ನಾಲ್ಕರಿಂದ ಆರು ವಾರ ಮೀನಿಲ್ಲದೆ ಓಡಿಸುತ್ತೇವೆ. ಮೀನಿನ ಗಲೀಜಿನಿಂದ ಬರುವ ವಿಷ ಅಮೋನಿಯಾವನ್ನು ನೈಟ್ರೈಟ್, ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಮಯ ಬೇಕು. ಆ ವಾರಗಳಲ್ಲಿ ದಿನಾ ನೀರು ಪರೀಕ್ಷೆ ಮಾಡಿ ಮಾಡಿ, ಮೀನು ಬರುವ ಹೊತ್ತಿಗೆ ಕೈ ಪಳಗಿರುತ್ತದೆ. ನೀವೂ ಮೊಲ ಇಲ್ಲದೆಯೇ ಒಂದು ತಿಂಗಳು ನಡೆಸಿ ನೋಡಬಹುದಲ್ವಾ?

ದಾರಿಹೋಕ:

ಎಲ್ಲರೂ ಸೇರಿ ಅವರನ್ನು ಜಾಸ್ತಿ ಹೆದರಿಸುತ್ತಿದ್ದೀರಿ ಅನ್ನಿಸುತ್ತಿದೆ. ಎಲ್ಲ ಕಲಿತೇ ತರುತ್ತೇನೆ ಅಂತ ಕೂತರೆ ಯಾರೂ ಯಾವತ್ತೂ ತರುವುದಿಲ್ಲ. ನನ್ನ ನಾಯಿ ಬಂದಾಗ ನನಗೆ ಏನೂ ಗೊತ್ತಿರಲಿಲ್ಲ, ಅದೇ ಕಲಿಸಿತು.

ಗರಿಕೆ:

ದಾರಿಹೋಕ ಅವರೇ, ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ಆ ಮೊಲದ ಸ್ವಭಾವ ಏನು, ಯಾವ ಮೂಲೆ ಇಷ್ಟ, ಯಾರನ್ನು ಕಂಡರೆ ಆಗದು, ಇದೆಲ್ಲ ಬಂದ ಮೇಲೆ ಅದೇ ಕಲಿಸುತ್ತದೆ. ಆದರೆ ನಾಯಿ ತಪ್ಪು ಮಾಡಲು ನಮಗೆ ಸಮಯ ಕೊಡುತ್ತದೆ, ಮೊಲ ಒಂದು ರಾತ್ರಿಯಷ್ಟೇ ಕೊಡುತ್ತದೆ. ಸಂಜೆದೀಪ ಅವರು ಬರೆದದ್ದು ಓದಿದಿರಲ್ಲ.

ಕೊಳದಂಚು ಅವರ ಮಾತು ನನಗೆ ತುಂಬ ಹಿಡಿಸಿತು. ಮಳೆಹನಿಯವರೇ, ಅದನ್ನೇ ಮಾಡಿ. ಎರಡು ಮೊಲಕ್ಕೆ ಕಡಿಮೆ ಅಂದರೂ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕು, ಅದೂ ಹಗಲೂ ರಾತ್ರಿ ಅವುಗಳದ್ದೇ ಆಗಿರಬೇಕು. ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ, ಒಂದು ತಿಂಗಳು ಆ ಜಾಗ ಬಿಟ್ಟು ಓಡಾಡಿ. ಕುರ್ಚಿ ಅದರೊಳಗೆ ನುಸುಳುತ್ತಾ, ಒಗೆದ ಬಟ್ಟೆ ಅಲ್ಲಿಗೆ ಬಂದು ಬೀಳುತ್ತಾ ನೋಡಿ. ಆ ಗೆರೆಯೊಳಗೆ ನೀವೇ ಮೊಣಕಾಲೂರಿ ನಾಲ್ಕು ಕಾಲಲ್ಲಿ ಒಂದು ಸುತ್ತು ಹಾಕಿ. ಆ ಎತ್ತರದಿಂದ ನೋಡಿದರೆ ಬಾಯಿಗೆ ಸಿಗುವ ವೈರುಗಳೆಲ್ಲ ಕಾಣುತ್ತವೆ. ಮಧ್ಯಾಹ್ನ ಎಷ್ಟು ಸೆಕೆ ಆಗುತ್ತದೆ ಅಂತಲೂ ನೋಡಿ, ಮೊಲ ನಮ್ಮ ಹಾಗೆ ಬೆವರುವುದಿಲ್ಲ, ಹೆಚ್ಚಾಗಿ ಕಿವಿಯಿಂದಲೇ ಮೈ ತಂಪು ಮಾಡಿಕೊಳ್ಳಬೇಕು. ದಿನಾ ಬೆಳಿಗ್ಗೆ ಹುಲ್ಲು ಬದಲಿಸಿ, ತಟ್ಟೆ ತೊಳೆಯಿರಿ, ನೀರಿಡಿ. ಖಾಲಿ ಜಾಗಕ್ಕೇ. ಜ್ವರ ಬಂದ ದಿನ, ಊರಿಗೆ ಹೋದ ದಿನ, ಮಗಳ ಪರೀಕ್ಷೆಯ ದಿನ ಯಾರು ಮಾಡಿದರು ಅಂತ ಬರೆದಿಡಿ.

ಮಗಳ ಮೇಲೆ ಎಷ್ಟು ಜವಾಬ್ದಾರಿ ಅನ್ನುವ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಗುತ್ತದೆ. ಒಂಬತ್ತು ವರ್ಷದ ಮಗು ಹುಲ್ಲು ಹಾಕಬಹುದು, ನೀರು ನೋಡಬಹುದು, ದೊಡ್ಡವರಿಗಿಂತ ಚೆನ್ನಾಗಿ ಗಮನಿಸಲೂಬಹುದು. ಆದರೆ ಮಗು ಮರೆತಿತು ಅಂತ ಮೊಲ ಉಪವಾಸ ಬೀಳಬಾರದು. ಅವಳಿಗೆ ಹತ್ತೊಂಬತ್ತಾಗುವಾಗಲೂ ಈ ಮೊಲ ಇರಬಹುದು, ಅವಳು ಓದಲು ಬೇರೆ ಕಡೆ ಹೋಗಿರಬಹುದು. ಹಾಗಾಗಿ ಮೊಲ ನಿಮ್ಮದು, ಅವಳು ನಿಮ್ಮ ಜೊತೆಗಾರ್ತಿ.

ಮಳೆಹನಿ:

ಎಲ್ಲರಿಗೂ ಧನ್ಯವಾದ, ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಟೇಪ್ ಅಂಟಿಸಿದ ಎರಡನೇ ದಿನವೇ ಗೊತ್ತಾಯಿತು, ನಾವು ಅಂದುಕೊಂಡಿದ್ದ ಮೂಲೆ ಸಾಲುವುದಿಲ್ಲ. ಓದುವ ಮೇಜನ್ನು ಬೇರೆ ಕೋಣೆಗೆ ಸಾಗಿಸಿದೆವು. ಬೆಳಗಿನ ಕೆಲಸ 21 ದಿನದಲ್ಲಿ ನಾಲ್ಕು ದಿನ ತಪ್ಪಿದೆ, ಅದರಲ್ಲಿ ಮೂರು ದಿನ ನನ್ನ ಸರದಿ. ಈಗ ಮನೆಯವರೂ ಸೇರಿಕೊಂಡಿದ್ದಾರೆ. ಡಾಕ್ಟರ್ ಸಿಕ್ಕಿದರು. ಮೊದಲು ಕೇಳಿದವರು ರಾತ್ರಿಯಿಂದಲೇ ಊಟ ನಿಲ್ಲಿಸಿ ಅಂದರು, ಎರಡನೆಯವರು ಯಾಕೆ ನಿಲ್ಲಿಸಬಾರದು ಅಂತ ಹತ್ತು ನಿಮಿಷ ಕೂರಿಸಿ ಹೇಳಿದರು.

ಪರಿಚಯದವರ ಮನೆಯ ಮೊಲಗಳನ್ನು ಮೂರು ಭಾನುವಾರ ಸಂಜೆ ನೋಡಿ ಬಂದೆವು. ಮೊದಲನೇ ಸಲ ಮಗಳಿಗೆ ಬೇಜಾರಾಯಿತು, ಎತ್ತಲು ಬಿಡಲಿಲ್ಲ ಅಂತ. ಮೂರನೇ ಸಲ ತಾನಾಗಿಯೇ ಒಂದು ಹಿಕ್ಕೆ ಎತ್ತಿ ಮುರಿದು, ಒಳಗೆ ಹುಲ್ಲಿದೆ ಅಮ್ಮ ಅಂದಳು. ಮೊಲ ತರುವುದು ಇನ್ನೂ ಎರಡು ತಿಂಗಳು ಆಗಬಹುದು. ಅವಳು ಒಪ್ಪಿದ್ದಾಳೆ.

ಒಂದು ಸಣ್ಣ ಪ್ರಶ್ನೆ. ವಾರಕ್ಕೊಮ್ಮೆ ತೂಕ ನೋಡಬೇಕು ಅಂತ ಡಾಕ್ಟರ್ ಹೇಳಿದರು, ತಕ್ಕಡಿ ತಂದಿದ್ದೇನೆ. ಎತ್ತಿ ಇಟ್ಟರೆ ಹೆದರಿ ಜಿಗಿಯುವುದಿಲ್ವಾ?

ಗರಿಕೆ:

ಎತ್ತಿ ಇಡಬೇಡಿ. ತಕ್ಕಡಿಯ ಮೇಲೆ ಅಂಚು ಕಡಿಮೆ ಇರುವ ಒಂದು ಅಗಲದ ಡಬ್ಬ ಇಟ್ಟು, ಒಳಗೆ ಬಟ್ಟೆ ಹಾಸಿ ಸೊನ್ನೆ ಮಾಡಿ. ಒಂದೆರಡು ಎಲೆ ಒಳಗೆ ಹಾಕಿ ದೂರ ಕೂತುಕೊಳ್ಳಿ. ಮೊದಲ ವಾರ ಮೂಸಿ ಹೋಗಬಹುದು. ಆಮೇಲೆ ತಾನೇ ಹತ್ತುತ್ತದೆ. ಅಂಕಿ ನೋಡಿ ಬರೆದುಕೊಳ್ಳುವ ಕೆಲಸ ಮಗಳಿಗೆ ಕೊಡಿ.