ಮಾತು ಹೋದ ಮೇಲೆ ಒಳಗೆ ಉಳಿದವರು ಯಾರು?

ಡೊಂಬಿವಲಿ ನಿವಾಸಿ
ಐದು ತಿಂಗಳ ಹಿಂದೆ ನನ್ನ ತಾಯಿಗೆ ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಬಡಿಯಿತು. ಬಲಗೈಯ ಜೊತೆಗೆ ಮಾತೂ ಹೋಯಿತು. ನಲವತ್ತು ವರ್ಷ ಇಲ್ಲಿನ ಮಾರುಕಟ್ಟೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡಿದವರಿಗೆ ಈಗ ಆ ಭಾಷೆಯ ಒಂದು ಪದವೂ ಬರುವುದಿಲ್ಲ. ಕನ್ನಡದ ನಾಲ್ಕೈದು ಪದಗಳು ಮಾತ್ರ ಮರಳಿವೆ. ಲೋಟವನ್ನು ತೋರಿಸಿ ನಾನು ‘ತಟ್ಟೆ’ ಎಂದರೆ ಅಲ್ಲವೆಂದು ತಲೆಯಾಡಿಸುತ್ತಾರೆ, ‘ಲೋಟ’ ಎಂದರೆ ಮುಖ ಅರಳುತ್ತದೆ. ಪದ ಕಳೆದುಹೋಗಿದೆ, ಆದರೆ ಅದು ಕಳೆದುಹೋಗಿದೆಯೆಂದು ಬಲ್ಲವರು ಒಳಗೆ ಇದ್ದಾರೆ. ಮನಸ್ಸೆಂದರೆ ಮಿದುಳಷ್ಟೇ ಎನ್ನುವವರು ಈ ಬಲ್ಲವರನ್ನು ಎಲ್ಲಿಡುತ್ತಾರೆ? ವೀಣೆಯ ತಂತಿ ಹರಿದರೆ ವೈಣಿಕ ಸಾಯುವುದಿಲ್ಲವಲ್ಲ.

ಮಾಟುಂಗಾದ ನಿವೃತ್ತ ಅಧ್ಯಾಪಕ
ನಿಮ್ಮ ನೋವನ್ನು ಗೌರವಿಸಿಯೇ ಹೇಳುತ್ತೇನೆ, ಈ ಹೋಲಿಕೆ ನಿಲ್ಲುವುದಿಲ್ಲ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ ಪರೀಕ್ಷಿಸಿದ ರೋಗಿಯೊಬ್ಬನಿಗೆ ‘ತಾನ್’ ಎಂಬುದನ್ನು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ, ಆದರೆ ಅನ್ಯರ ಮಾತು ಬಹಳಮಟ್ಟಿಗೆ ಅರ್ಥವಾಗುತ್ತಿತ್ತು. ಅವನು ತೀರಿಕೊಂಡ ಮೇಲೆ ನೋಡಿದಾಗ ಕೆಟ್ಟಿದ್ದದ್ದು ಮಿದುಳಿನ ಎಡ ಮುಂಭಾಗ. ನಿಮ್ಮ ತಾಯಿಯಲ್ಲಿಯೂ ಪದವನ್ನು ಹೊರತರುವ ಭಾಗ ಕೆಟ್ಟು, ಗುರುತಿಸುವ ಭಾಗ ಉಳಿದಿರಬೇಕು. ಆ ಬಲ್ಲವರೂ ಮಿದುಳೇ. ಮರಾಠಿ ಹೋಗಿ ಕನ್ನಡ ಉಳಿದದ್ದೂ ಅಪರೂಪವಲ್ಲ, ಹಲವು ಭಾಷೆ ಬಲ್ಲ ಇಂಥ ರೋಗಿಗಳನ್ನು ಫ್ರಾನ್ಸಿನ ವೈದ್ಯ ಪಿತ್ರ್ 1895ರಲ್ಲಿಯೇ ವಿವರಿಸಿದ್ದರು.

ಇನ್ನು ವೈಣಿಕನ ಮಾತು. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್‌ನ ಕೆನ್ನೆಯಿಂದ ಹೊಕ್ಕ ಕಬ್ಬಿಣದ ಸಲಾಕೆ ನೆತ್ತಿಯಿಂದ ಹೊರಬಂತು. ಅವನು ಬದುಕಿದ, ಮಾತಾಡಿದ; ಆದರೆ ಹಿತಮಿತದವನಾಗಿದ್ದವನು ಒರಟನೂ ಚಂಚಲನೂ ಆದನೆಂದೂ ಅವನು ಇನ್ನು ಗೇಜ್ ಅಲ್ಲವೆಂದು ಸ್ನೇಹಿತರು ಹೇಳಿದರೆಂದೂ ಅವನ ವೈದ್ಯ ಬರೆದಿಟ್ಟಿದ್ದಾನೆ. ತಂತಿ ಹರಿದಾಗ ವೈಣಿಕನ ಸ್ವಭಾವವೇ ಬದಲಾಗುವುದಾದರೆ, ವೈಣಿಕನೂ ವೀಣೆಯದೇ ಮರದಿಂದಾದವನು ಎನ್ನದೆ ಗತ್ಯಂತರವಿಲ್ಲ.

ಪುಣೆಯ ದರ್ಶನ ವಿದ್ಯಾರ್ಥಿನಿ
ಗೇಜ್‌ನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದಿರಿ. ಮುಂದೆ ಅವನು ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಬಂಡಿ ಓಡಿಸಿದ. ಚಂಚಲನಿಂದ ಆಗುವ ಕೆಲಸವಲ್ಲ ಅದು. ಆದರೂ ನನ್ನ ತಕರಾರು ಬೇರೆ. ಸ್ವಭಾವ, ನೆನಪು, ನಿಶ್ಚಯ ಇವೆಲ್ಲ ಜಡದ ವ್ಯಾಪಾರವೆಂದು ಒಪ್ಪಿಕೊಂಡರೆ ನಮ್ಮವರಿಗೆ ಏನೂ ನಷ್ಟವಿಲ್ಲ, ಏಕೆಂದರೆ ನಮ್ಮ ಪ್ರಾಚೀನ ದರ್ಶನಗಳಲ್ಲೊಂದಾದ ಸಾಂಖ್ಯದವರ ಪ್ರಕಾರ ಮನಸ್ಸು, ಬುದ್ಧಿ, ಅಹಂಕಾರ ಮೂರೂ ಪ್ರಕೃತಿಯಿಂದ ಹುಟ್ಟಿದವು, ಅಂದರೆ ಜಡವೇ. ಅವುಗಳನ್ನು ಕಾಣುವ ಪುರುಷ, ಅಂದರೆ ಶುದ್ಧ ಅರಿವು, ಮಾತ್ರ ಬೇರೆ. ಹಾಗಾಗಿ ಕೇಳಬೇಕಾದದ್ದು ಮನಸ್ಸಿನ ಬಗೆಗಲ್ಲ, ಅರಿವಿನ ಬಗೆಗೆ. ನರಕೋಶಗಳ ಮಿಡಿತ ಲೋಟದ ತಂಪಾಗಿ ಅನುಭವಕ್ಕೆ ಬರುವುದು ಹೇಗೆಂದು ಯಾರೂ ತೋರಿಸಿಲ್ಲ. ಇನ್ನು 25 ವರ್ಷಗಳಲ್ಲಿ ಮಿದುಳಿನೊಳಗೆ ಪ್ರಜ್ಞೆಯ ಕುರುಹು ಸ್ಪಷ್ಟವಾಗಿ ಸಿಗುತ್ತದೆಂದು 1998ರಲ್ಲಿ ವಿಜ್ಞಾನಿ ಕ್ರಿಸ್ಟಾಫ್ ಕಾಕ್ ದಾರ್ಶನಿಕ ಡೇವಿಡ್ ಚಾಮರ್ಸ್ ಜೊತೆ ಪಂತ ಕಟ್ಟಿದ್ದರು, 2023ರಲ್ಲಿ ಸೋಲೊಪ್ಪಿಕೊಂಡರು.

ಮಾಟುಂಗಾದ ನಿವೃತ್ತ ಅಧ್ಯಾಪಕ
ಪಂತ ಸೋತದ್ದು ಗಡುವಿಗೆ. ಉತ್ತರ ಇನ್ನೂ ಸಿಕ್ಕಿಲ್ಲವೆಂಬುದರಿಂದ ಪುರುಷನಿದ್ದಾನೆಂದು ಸಿದ್ಧವಾಗುವುದಿಲ್ಲ. ಬಿಡಿಬಿಡಿಯಾಗಿದ್ದಾಗ ಅಮಲಿಲ್ಲದ ಪದಾರ್ಥಗಳು ಹುದುಗಿದಾಗ ಅಮಲು ಹುಟ್ಟುವಂತೆ ಮಣ್ಣು, ನೀರು ಮುಂತಾದ ಭೂತಗಳಿಂದ ಚೈತನ್ಯ ಹುಟ್ಟುತ್ತದೆಂದ ಜಡವಾದಿ ಚಾರ್ವಾಕರೂ ನಮ್ಮವರೇ.

ವಾಸ್ಕೋದ ಶಸ್ತ್ರಚಿಕಿತ್ಸಾ ಕೊಠಡಿಯ ದಾದಿ
ನನ್ನದು ಅರಿವಳಿಕೆ ಕೊಡುವ ವೈದ್ಯರ ಪಕ್ಕದಲ್ಲಿ ನಿಲ್ಲುವ ಕೆಲಸ. ಕನ್ನಡದ ಆ ಪದವೇ ನಿಮ್ಮ ಚರ್ಚೆಯ ನಡುಬಿಂದುವನ್ನು ಮುಟ್ಟುತ್ತದೆ. ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದು ರಕ್ತನಾಳಕ್ಕೆ ಸೇರಿ ಒಂದು ನಿಮಿಷವಾಗುವಷ್ಟರಲ್ಲಿ, ಮಗಳ ಮದುವೆಯ ಮಾತಾಡುತ್ತಿದ್ದವರ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಎಚ್ಚರವಾದ ಮೇಲೆ ಹಲವರು, ಮೂರು ಗಂಟೆ ಕಳೆದಿದ್ದರೂ, ಇನ್ನೂ ಶುರುವಾಗಿಲ್ಲವೇ ಎಂದು ಕೇಳುತ್ತಾರೆ. ಕಾಣುವವನು ಬೇರೆಯೇ ಇದ್ದರೆ ಆ ಮೂರು ಗಂಟೆ ಅವನು ಏನು ಕಂಡ? ಇದು ನನ್ನನ್ನು ಅಧ್ಯಾಪಕರ ಕಡೆಗೆ ಒಲಿಸುತ್ತದೆ.

ಡೊಂಬಿವಲಿಯವರೇ, ಒಂದು ವಿಷಯ ನಿಮಗೆ. ಹೀಗೆ ಮಾತು ಹೋದ ಹಲವರು ಹಾಡಬಲ್ಲರು, ಏಕೆಂದರೆ ಹಾಡಿನಲ್ಲಿ ಮಿದುಳಿನ ಬಲಭಾಗದ ಪಾಲು ದೊಡ್ಡದು. ಪದಗಳನ್ನು ರಾಗಕ್ಕೆ ಕಟ್ಟಿ, ಎಡಗೈಯಿಂದ ತಾಳ ಹಾಕಿಸಿ ನುಡಿಸುವ ಚಿಕಿತ್ಸೆ 1970ರ ದಶಕದಿಂದ ಇದೆ. ವಾಕ್ ಚಿಕಿತ್ಸಕರನ್ನು ಕೇಳಿ ನೋಡಿ.

ಪುಣೆಯ ದರ್ಶನ ವಿದ್ಯಾರ್ಥಿನಿ
ಏನನ್ನೂ ಕಾಣಲಿಲ್ಲವೆಂಬುದಕ್ಕೂ ಕಂಡದ್ದು ನೆನಪಿನಲ್ಲಿ ಉಳಿಯಲಿಲ್ಲವೆಂಬುದಕ್ಕೂ ವ್ಯತ್ಯಾಸವಿದೆ. ನೆನಪು ಮಿದುಳಿನದೆಂದು ನಾನಾಗಲೇ ಒಪ್ಪಿದ್ದೇನೆ. ಆದರೆ ಈ ಉತ್ತರದಿಂದ ನನಗೂ ಪೂರ್ತಿ ಸಮಾಧಾನವಿಲ್ಲ.

ಡೊಂಬಿವಲಿ ನಿವಾಸಿ
ನಿನ್ನೆ ಸಂಜೆ ದೀಪ ಹಚ್ಚಿ, ಅವರು ನಮಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟ ದೇವರನಾಮವನ್ನು ನಾನೇ ಶುರುಮಾಡಿದೆ. ಎರಡನೆಯ ಸಾಲಿಗೆ ಅವರ ದನಿ ಸೇರಿತು, ಪಲ್ಲವಿ ಮುಗಿಯುವವರೆಗೆ ಒಂದು ಪದವೂ ತಪ್ಪಲಿಲ್ಲ. ಬಲಭಾಗದ ಮಿದುಳು ಹಾಡಿತೆಂಬುದನ್ನು ಒಪ್ಪುತ್ತೇನೆ. ಹಾಡು ನಿಂತ ಕೂಡಲೇ ಮತ್ತೆ ಮಾತಿಲ್ಲದೆ, ನನ್ನ ಮಣಿಕಟ್ಟನ್ನು ಹಿಡಿದು ಇನ್ನೊಮ್ಮೆ ಎನ್ನುವಂತೆ ನೋಡಿದರು.